ಯಾರದ್ದೂ ಅಲ್ಲದ ಡಬ್ಬಿ

ಸರಿರಾತ್ರಿಯಲ್ಲಿ ಅಡುಗೆಮನೆಯಿಂದ ‘ಠಣ್’ ಅಂತ ಒಂದು ಸಣ್ಣ ಸದ್ದು ಬಂತು. ಅರುಣಾ ಕಣ್ಣು ಬಿಟ್ಟಳು. ಗ್ಯಾಸ್ ಆರಿಸಿದ್ದೇನಾ, ಹಿಂದಿನ ಬಾಗಿಲಿಗೆ ಚಿಲಕ ಹಾಕಿದ್ದೇನಾ ಎಂದು ಮಲಗಿದ್ದಲ್ಲಿಂದಲೇ ಮನಸ್ಸಿನಲ್ಲಿ ಮನೆಯೆಲ್ಲ ಸುತ್ತಿ ಬಂದಳು. ಬೆಕ್ಕಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿದಳು. ಕುಕ್ಕರ್ ವಿಷಲ್ಲಿಗೂ ಬೆಚ್ಚುವ ಹೆಂಗಸು ಅವಳು. ನಿಜವಾಗಿ ಎದ್ದು ಹೋಗಿ ನೋಡಬೇಕಾಗಿದ್ದ ಸದ್ದು ಬಂದ ದಿನವೇ ಧೈರ್ಯ ಮಾಡಿ ನಿದ್ದೆ ಹೋದಳು.

ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡಿದರೆ, ಫ್ರಿಜ್ಜಿನ ಮೇಲೆ ಹಳೇ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದ ಸ್ಟೀಲ್ ಡಬ್ಬಿ ಇಲ್ಲ. ಟವೆಲ್ ಮಾತ್ರ ನೀಟಾಗಿ ಮಡಿಚಿ ಕೂತಿತ್ತು.

“ಅತ್ತೆ, ಇಲ್ಲೊಂದು ಡಬ್ಬಿ ಇತ್ತಲ್ಲ?”

ಹೊಂಬಾಳಮ್ಮ ಕಾಫಿ ಲೋಟ ಕೆಳಗಿಡದೆ ಹೇಳಿದರು. “ಅದಾ? ನಿಪ್ಪಟ್ಟಿಗೆ ಇರುವೆ ಮುತ್ಕಂತವೆ ಅಂತ ರಾತ್ರಿನೇ ಎದ್ದು ಅದರೊಳಗೆ ತುಂಬಿಟ್ಟೆ. ಹಾಲು ತರಕ್ಕೆ ಹೋದಾಗ ಬಸವಲಿಂಗಮ್ಮನ ಮನೆಗೆ ಕೊಟ್ಟು ಬಂದೆ. ಸಂಕ್ರಾಂತಿಲಿ ಅವರ ಮನೆಯಿಂದ ಡಬ್ಬಿ ಬಂದಿತ್ತು ಕಣಮ್ಮ, ಸುಮ್ನೆ ಇರಕ್ಕಾಗುತ್ತಾ?”

“ಅಯ್ಯೋ, ಅದು ಸ್ಕೂಲಿನ ಡಬ್ಬಿ ಅತ್ತೆ!”

“ಸ್ಕೂಲಲ್ಲಿ ಡಬ್ಬಿ ಇಟ್ಕೊಂಡು ಅದೇನು ಪಾಠ ಮಾಡ್ತೀರೋ!”

ಪಾಠ ಮಾಡುತ್ತಿದ್ದದ್ದು ನಿಜ. ಅರುಣಾ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅವಳ ಎಂಟನೇ ತರಗತಿಯ ಹುಡುಗಿಯರ ತಂಡ ಪೋರ್ಚುಗಲ್ ದೇಶದ ಒಂದು ಶಾಲೆಯ ಮಕ್ಕಳ ಜೊತೆ ಸೇರಿ ದೀಪಾವಳಿಗೆ ಮುಂಚಿನಿಂದ ಒಂದು ಪ್ರಾಜೆಕ್ಟ್ ಮಾಡುತ್ತಿತ್ತು. ಬೇಕಾದ್ದನ್ನಷ್ಟೇ ಕೊಳ್ಳುವುದು, ಇರುವುದನ್ನೇ ಮತ್ತೆ ಮತ್ತೆ ಬಳಸುವುದು, ಭೂಮಿಗೆ ಭಾರ ಕಡಿಮೆ ಮಾಡುವುದು. ಹೊಸದಾಗಿ ಕೊಳ್ಳದೆ ಅನೇಕ ಕೈ ದಾಟಿ ಬಂದ ಒಂದು ವಸ್ತುವನ್ನು ಎರಡೂ ಕಡೆಯವರು ಹುಡುಕಿ, ಕೊನೆಯ ದಿನ ವಿಡಿಯೋ ಕಾಲ್‌ನಲ್ಲಿ ತೋರಿಸಬೇಕು. ಆ ಕೊನೆಯ ದಿನ ಇವತ್ತು.

ಪೋರ್ಚುಗಲ್ಲಿನ ಮಕ್ಕಳು ಯಾರದೋ ಅಜ್ಜನ ಸೈಕಲ್ ಆರಿಸಿದ್ದರು. ಗುಬ್ಬಿಯ ಹುಡುಗಿಯರು ತಂದದ್ದು ಈ ಡಬ್ಬಿ. ಪಕ್ಕದ ಮನೆಯಿಂದ ಏನಾದರೂ ತುಂಬಿಕೊಂಡು ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ಹಾಗಿಲ್ಲವಲ್ಲ. ಹಿಡಿ ಸಕ್ಕರೆಯಾದರೂ ಹಾಕಬೇಕು. ಹಾಕುವಾಗ ಯಾರ ಡಬ್ಬಿ ಎಂಬುದು ಮರೆತುಹೋಗಿ ಅದು ಇನ್ನೊಂದು ಮನೆ ಸೇರುತ್ತದೆ. ಹೀಗೆ ತನುಶ್ರೀ ಎಂಬ ಹುಡುಗಿಯ ಬೀದಿಯನ್ನೆಲ್ಲ ಸುತ್ತಿದ್ದ ಡಬ್ಬಿಯ ತಳದಲ್ಲಿ ಒಬ್ಬೊಬ್ಬರೂ ತಮ್ಮ ಗುರುತಿಗೆಂದು ನೇಲ್ ಪಾಲಿಶ್ ಹಚ್ಚಿದ್ದರು. ಒಂದು ಮನೆಯ ಕೆಂಪು ಚುಕ್ಕೆ, ಇನ್ನೊಂದರ ಹಸಿರು ಗೆರೆ, ಮತ್ತೊಂದರ ಗುಲಾಬಿ ನಕ್ಷತ್ರ. ಅಂಚಿನ ಕೆಳಗೊಂದು ನೆಗ್ಗು. ಹುಡುಗಿಯರು ಮನೆಮನೆಗೆ ಹೋಗಿ ಪ್ರತಿ ಗುರುತಿನ ಕಥೆ ಕೇಳಿದ್ದರು, ಫೋಟೋ ತೆಗೆದು ಪೋರ್ಚುಗಲ್ಲಿಗೆ ಕಳಿಸಿದ್ದರು.

“ನಮ್ಮನೇಲಿದ್ರೆ ಅಮ್ಮ ಯಾರಿಗಾದ್ರೂ ಕೊಟ್ಟುಬಿಡ್ತಾರೆ ಮಿಸ್. ನಿಮ್ಮ ಹತ್ರನೇ ಇರ್ಲಿ” ಎಂದು ತನುಶ್ರೀ ನಿನ್ನೆ ಅದನ್ನು ಒಪ್ಪಿಸಿದ್ದಳು. “ನಮ್ಮನೇಲಿ ನನ್ನ ವಸ್ತು ಯಾರೂ ಮುಟ್ಟಲ್ಲ” ಎಂದು ಅರುಣಾ ಜಂಭದಿಂದ ಹೇಳಿದ್ದಳು. ಈಗ ಡಬ್ಬಿ ಇಲ್ಲದೆ ಹೋದರೆ ಆ ಹುಡುಗಿಯರ ಅಷ್ಟು ದಿನದ ಓಡಾಟ ನೀರಿನಲ್ಲಿ ಹೋಮ. ಅವರ ಮುಖವನ್ನು ಹೇಗೆ ನೋಡುವುದು?

ಟವೆಲ್ಲನ್ನು ಊಟದ ಬ್ಯಾಗಿಗೆ ತುರುಕಿ, ತಲೆ ಬಾಚದೆ ತಮ್ಮ ಬಡಾವಣೆ ಉಪ್ಪಾರಹಳ್ಳಿಯ ಮೂರನೇ ಕ್ರಾಸಿಗೆ ಓಡಿದಳು.

“ಬಾರಮ್ಮ ಅರುಣಾ, ಕೂತ್ಕೊ” ಎಂದರು ಬಸವಲಿಂಗಮ್ಮ. “ನಿಮ್ಮತ್ತೆ ನಿಪ್ಪಟ್ಟು ಕೊಟ್ಟವ್ರೆ. ನನಗೆಲ್ಲಿ ಹಲ್ಲೈತೆ ಹೇಳು? ಡಬ್ಬಿ ಸಮೇತ ಹಂಗೇ ಎದುರುಮನೆ ರೂಪಶ್ರೀಗೆ ಕೊಟ್ಟುಬುಟ್ಟೆ.”

ಎದ್ದು ಹೊರಡಲು ಬಿಡಬೇಕಲ್ಲ. ಕಾಫಿ ಕುಡಿಯಲೇಬೇಕಾಯಿತು. ಹೊರಡುವಾಗ “ಬರಿಗೈಲಿ ಕಳ್ಸಕ್ಕಾಗುತ್ತಾ?” ಎಂದು ಒಂದು ಡಬ್ಬಿ ಹುಣಸೆ ತೊಕ್ಕು ಅವಳ ಬ್ಯಾಗಿಗೆ ಇಳಿಸಿದರು.

ರೂಪಶ್ರೀ ಬಾಗಿಲಲ್ಲೇ ಸಿಕ್ಕಿದಳು. “ಅಯ್ಯೋ ಅಕ್ಕ, ಈಗಷ್ಟೇ ನಮ್ಮ ಮಾವ ಕೊತ್ತಗೆರೆಗೆ ಹೊರಟ್ರು. ಬಸ್ಸಲ್ಲಿ ತಿನ್ನಕ್ಕೆ ಇರ್ಲಿ ಅಂತ ಡಬ್ಬಿ ಕೊಟ್ಟು ಕಳ್ಸ್ದೆ.”

“ಫೋನ್ ಮಾಡೇ!”

ರೂಪಶ್ರೀ ಫೋನ್ ಮಾಡಿದಳು. ಮಾವನ ಫೋನು ಟಿವಿ ಪಕ್ಕದಲ್ಲಿ ಚಾರ್ಜಿಗೆ ಸಿಕ್ಕಿಕೊಂಡು ಭಜನೆ ಹಾಡತೊಡಗಿತು. “ಮರ್ತು ಹೋಗವ್ರೆ” ಎಂದು ರೂಪಶ್ರೀ ಹಲ್ಲು ಕಿರಿದಳು. ಅರುಣಾ ತಿರುಗಿ ಓಡುವಷ್ಟರಲ್ಲಿ ಅವಳೂ ಒಂದು ಡಬ್ಬಿ ಅವರೆಕಾಳು ಉಸ್ಲಿಯನ್ನು ಬ್ಯಾಗಿಗೆ ತುರುಕಿದಳು.

ಆಟೋ ಹಿಡಿದು ಬಸ್‌ಸ್ಟ್ಯಾಂಡ್ ತಲುಪಿದಾಗ ಕೊತ್ತಗೆರೆಗೆ ಹೋಗುವ ಕುಣಿಗಲ್ ಬಸ್ಸು ಹಿಂದಕ್ಕೆ ತಿರುಗುತ್ತಿತ್ತು. ಕಿಟಕಿ ಪಕ್ಕದಲ್ಲಿ ರೂಪಶ್ರೀಯ ಮಾವ ಗಂಗಹನುಮಯ್ಯ. ತೊಡೆಯ ಮೇಲೆ ಡಬ್ಬಿ, ಬಾಯಲ್ಲಿ ನಿಪ್ಪಟ್ಟು. ಪ್ರದರ್ಶನದ ವಸ್ತು ಒಂದು ಕಿಟಕಿಯಷ್ಟು ದೂರದಲ್ಲಿತ್ತು.

“ಗಂಗಹನುಮಯ್ಯನೋರೇ! ಡಬ್ಬಿ! ಡಬ್ಬಿ ಕೊಡಿ!”

ಅವರಿಗೆ ಕಿವಿ ಸ್ವಲ್ಪ ಮಂದ. ತಮ್ಮನ್ನು ಬೀಳ್ಕೊಡಲು ಇಷ್ಟು ದೂರ ಬಂದಿದ್ದಾಳಲ್ಲ ಎಂದು ಮುಖವರಳಿಸಿ ಕೈಬೀಸಿದರು. “ಆಗ್ಲಿ ಕಣವ್ವ! ನೀನೂ ಒಂದ್ ದಪ ಕೊತ್ತಗೆರೆಗೆ ಬಾ!” ಬಸ್ಸು ಹೊಗೆಯುಗುಳಿ ಹೋಯಿತು. ಅರುಣಾಳ ಮುಖ ಹಾಲು ಉಕ್ಕಿದ ಒಲೆಯಂತಾಗಿತ್ತು.

ಗುಬ್ಬಿಯ ಬಸ್ಸಿನಲ್ಲಿ ಕೂತಾಗ ಬ್ಯಾಗಿನೊಳಗಿನ ಡಬ್ಬಿಗಳು ಒಂದಕ್ಕೊಂದು ಬಡಿದುಕೊಂಡವು. ತೆಗೆದು ನೋಡಿದಳು. ತೊಕ್ಕಿನ ಡಬ್ಬಿ ಕಳೆದುಹೋದದ್ದರಷ್ಟೇ ಎತ್ತರ, ಅಷ್ಟೇ ಅಗಲ. ಹುಡುಗಿಯರು ತೆಗೆದ ಫೋಟೋ ಮೊಬೈಲಿನಲ್ಲಿತ್ತು. ಹದಿನೈದು ವರ್ಷದ ನೌಕರಿಯಲ್ಲಿ ಒಂದು ಚಾಕ್‌ಪೀಸನ್ನೂ ಮನೆಗೆ ತಂದವಳಲ್ಲ. ತೊಕ್ಕನ್ನು ತನ್ನ ಬುತ್ತಿಯ ಮೊಸರನ್ನದ ಮೇಲೆ ಸುರಿದುಕೊಂಡಳು.

ಗುಬ್ಬಿಯಲ್ಲಿಳಿದು ಫ್ಯಾನ್ಸಿ ಸ್ಟೋರಿಗೆ ನುಗ್ಗಿದಳು. “ಕೆಂಪು, ಹಸಿರು, ಗುಲಾಬಿ. ಮೂರು ನೇಲ್ ಪಾಲಿಶ್ ಕೊಡಿ.”

“ಮಗಳಿಗಾ ಮೇಡಂ?”

“ಹೂಂ... ಅಲ್ಲ... ಕೊಡಿ.”

ಅಂಗಡಿಯವನು ಮೂರನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟ. ಬೇಕಾದ್ದನ್ನಷ್ಟೇ ಕೊಳ್ಳಿ ಎಂದು ಮಕ್ಕಳಿಗೆ ಹೇಳಿಕೊಟ್ಟ ಟೀಚರ್ ಅವುಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಹೊರಬಂದಳು.

ಸ್ಟಾಫ್‌ರೂಮ್ ಖಾಲಿಯಿತ್ತು. ಬಾಗಿಲು ಮುಂದಕ್ಕೆ ಎಳೆದು, ಮೊದಲು ನೆಗ್ಗಿನ ಕೆಲಸ ಮುಗಿಸೋಣವೆಂದು ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. ಸದ್ದಿಗೆ ಪಿ.ಟಿ. ಮೇಷ್ಟ್ರು ಹನುಮಂತರಾಜು ಓಡಿಬಂದರು. ಯಾರ ಕೈಯಿಂದ ಏನು ಬಿದ್ದರೂ ಎತ್ತಿಕೊಡುವ ಉಪಕಾರಿ.

“ಬೀಳ್ಸಿದ್ರಾ ಮೇಡಂ? ಛೆ, ನೆಗ್ಗಿಹೋಗಿದೆ. ಕೊಡಿ ಇಲ್ಲಿ.”

“ಬೇಡ ಸಾರ್, ಹಾಗೇ ಇರ್ಲಿ—”

“ಅದ್ಯಾವ ಮಹಾ ಕೆಲ್ಸ!” ಶಾಟ್‌ಪುಟ್ ಗುಂಡನ್ನು ಡಬ್ಬಿಯೊಳಗೆ ಉರುಳಿಸಿ, ಮೇಲಿನಿಂದ ಎರಡೇಟು ಹಾಕಿ, ಕನ್ನಡಿಯಂತೆ ಮಾಡಿ ಕೊಟ್ಟರು. ಅರುಣಾ ಥ್ಯಾಂಕ್ಸ್ ಹೇಳಿದಳು. ಅವರು ಮೈದಾನದ ಕಡೆ ಹೋದ ಮೇಲೆ ಬಾಗಿಲಿಗೆ ಬೋಲ್ಟ್ ಹಾಕಿ ಮತ್ತೆ ಕುಕ್ಕಿದಳು.

“ಮತ್ತೆ ಬಿತ್ತಾ ಮೇಡಂ?” ಎಂದು ಮೈದಾನದಿಂದ ದನಿ ಬಂತು.

ಫೋಟೋ ನೋಡಿಕೊಂಡು ಚುಕ್ಕೆ, ಗೆರೆ, ನಕ್ಷತ್ರ ಬರೆದಳು. ಊದಿದಳು, ಫ್ಯಾನಿನ ಕೆಳಗೆ ಹಿಡಿದಳು. ನಕ್ಷತ್ರ ಒಣಗುವ ಮೊದಲೇ ಬೆಲ್ ಹೊಡೆಯಿತು.

ಪರದೆಯ ಮೇಲೆ ಪೋರ್ಚುಗಲ್ಲಿನ ಮಕ್ಕಳು ಬೆಳಗಿನ ಬಿಸಿಲಿನಲ್ಲಿ ಸೈಕಲ್ ಸುತ್ತ ನಿಂತು ಕೈಬೀಸಿದರು. ಈ ಕಡೆ ಹೆಡ್‌ಮಾಸ್ಟರ್ ಚಿಕ್ಕರಂಗಯ್ಯ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅರುಣಾ ಟವೆಲ್ ಬಿಚ್ಚಿ ಡಬ್ಬಿಯನ್ನು ತನುಶ್ರೀಯ ಕೈಗಿಟ್ಟಳು. ಹುಡುಗಿ ತಳ ತಿರುಗಿಸಿ ನೋಡಿದಳು. ಮಿಸ್ ಮುಖ ನೋಡಿದಳು. ಅರುಣಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಆಮೇಲೆ ತನುಶ್ರೀ ಪಟಪಟನೆ ತನ್ನ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಯಾವ ಮನೆಯ ಕಜ್ಜಾಯ, ಯಾರ ಬಾಣಂತನದ ಅಂಟಿನುಂಡೆ, ಯಾವ ಜಗಳ ಯಾವ ಚಕ್ಕುಲಿಯಿಂದ ಮುಗಿಯಿತು, ಒಂದನ್ನೂ ಬಿಡಲಿಲ್ಲ.

ಆ ಕಡೆಯ ಗುಂಗುರು ಕೂದಲಿನ ಹುಡುಗಿ ಕೇಳಿದಳು. ಇದು ಯಾರದ್ದು?

“ಯಾರದ್ದೂ ಅಲ್ಲ. ಸದ್ಯಕ್ಕೆ ಯಾರ ಮನೇಲಿದೆಯೋ ಅವರದ್ದು.”

ಕೊಟ್ಟದ್ದು ವಾಪಸ್ ಬರದಿದ್ದರೆ?

“ಬೇರೆ ಯಾರದ್ದೋ ಬರುತ್ತೆ.”

ಸೈಕಲ್ ಹಿಡಿದಿದ್ದ ಹುಡುಗರೂ ಚಪ್ಪಾಳೆ ತಟ್ಟಿದರು. ನಾವು ಒಂದು ಸೈಕಲ್ಲನ್ನು ಕಾಪಾಡಿದೆವು, ನೀವು ಒಂದು ಬೀದಿಯನ್ನೇ ಕಾಪಾಡಿದ್ದೀರಿ ಎಂದು ಅವರ ಟೀಚರ್ ಹೇಳಿದರು. ಹೆಡ್‌ಮಾಸ್ಟರ್ ಎಷ್ಟು ಉಬ್ಬಿದರೆಂದರೆ ಕೋಟಿನ ಗುಂಡಿ ಬಿಚ್ಚಬೇಕಾಯಿತು. “ಇದು ನಮ್ಮ ಶಾಲೆಯ ಆಸ್ತಿ!” ಎಂದು ಡಬ್ಬಿಯನ್ನು ತೆಗೆದುಕೊಂಡು ಹೋಗಿ ಆಟೋಟದಲ್ಲಿ ಗೆದ್ದ ಕಪ್ಪುಗಳಿದ್ದ ಗಾಜಿನ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀ ಜೇಬಿಗಿಳಿಸಿದರು.

ವರಾಂಡದಲ್ಲಿ ತನುಶ್ರೀ ಕಾದಿದ್ದಳು. ಬೆರಳ ತುದಿಯಲ್ಲಿ ಹಸಿ ಗುಲಾಬಿ ಬಣ್ಣ. ಕಣ್ಣಲ್ಲಿ ನೀರು.

“ಮಿಸ್, ತಪ್ಪಾಯ್ತು ಮಿಸ್.”

“ನಿನ್ನದೇನು ತಪ್ಪು?”

“ನಿಜವಾದ ಡಬ್ಬಿ ಫೋಟೋ ತೆಗೆದ ವಾರನೇ ಹೋಯ್ತು ಮಿಸ್. ಅಮ್ಮ ಯಾರಿಗೋ ಕೊಟ್ಟುಬಿಟ್ರು. ನಿಮಗೆ ಕೊಟ್ಟಿದ್ದು ನಾವು ನಮ್ಮನೆ ಪೂಜಾ ಅಕ್ಕನ ನೇಲ್ ಪಾಲಿಶ್ ಹಚ್ಚಿ ಮಾಡಿದ್ದು. ಹಸಿರು ಗೆರೆ ವಕ್ರ ಆಗಿತ್ತು. ನಿಮಗೆ ಗೊತ್ತಾಗಿ, ಬಯ್ಯದೆ, ಅಳಿಸಿ ನೀವೇ ನೆಟ್ಟಗೆ ಬರೆದು ತಂದಿದ್ದೀರಲ್ಲ ಮಿಸ್... ನಿಮ್ಮಂಥ ಟೀಚರ್ ಯಾರಿಗೂ ಸಿಗಲ್ಲ.”

ಬೆಳಗಿನಿಂದ ಒಂದು ನಕಲಿ ಡಬ್ಬಿಗಾಗಿ ತಾನು ಊರೆಲ್ಲ ಓಡಿದೆ ಎಂಬುದು ಅರುಣಾಳ ತಲೆಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಯ್ಯೋಣವೆಂದು ಬಾಯಿ ತೆರೆದಳು. ಯಾವ ಮುಖವಿಟ್ಟುಕೊಂಡು ಬಯ್ಯುವುದು? ಅಷ್ಟರಲ್ಲಿ ಫೋನ್ ಬಂತು. ಬಸವಲಿಂಗಮ್ಮ.

“ತೊಕ್ಕು ಹೆಂಗಿತ್ತಮ್ಮ?”

“ಚೆನ್ನಾಗಿತ್ತು ಅಮ್ಮ.”

“ಅವಸರ ಇಲ್ಲ, ಡಬ್ಬಿ ನಾಳೆ ಕೊಟ್ಟರಾಯ್ತು. ಬೇರೆ ಡಬ್ಬಿ ಹೋದ್ರೆ ಹೋಗ್ಲಿ ಬುಡು ಅಂತೀನಿ. ಇದೊಂದು ನಮ್ಮವ್ವ ಮದುವೇಲಿ ಕೊಟ್ಟಿದ್ದು ಕಣಮ್ಮ. ನಲ್ವತ್ತು ವರ್ಷದಿಂದ ಬಾಗಿಲು ದಾಟಿರಲಿಲ್ಲ. ನೀನು ಟೀಚರ್ರು, ಜೋಪಾನವಾಗಿ ಇಟ್ಕೊತೀಯ ಅಂತ ಕೊಟ್ಟೆ.”

ಗಾಜಿನ ಬೀರುವಿನ ಮುಂದೆ ಆಗಲೇ ಮಕ್ಕಳ ಗುಂಪು ಸೇರಿತ್ತು. ಇಡೀ ಜಿಲ್ಲೆಯಲ್ಲಿ ಖಂಡಿತವಾಗಿ ಒಬ್ಬರದ್ದೇ ಆಗಿದ್ದ ಒಂದೇ ಒಂದು ಡಬ್ಬಿ, ‘ಯಾರದ್ದೂ ಅಲ್ಲ’ ಎಂದು ಮಕ್ಕಳು ಗಾಜಿಗೆ ಅಂಟಿಸಿದ್ದ ಚೀಟಿಯ ಹಿಂದೆ ಥಳಥಳಿಸುತ್ತಿತ್ತು.

“ಯಾರಿಗೂ ಹೇಳಲ್ಲ ಅಲ್ವಾ ಮಿಸ್?” ಎಂದಳು ತನುಶ್ರೀ ಮೆಲ್ಲಗೆ.

ಅರುಣಾ ಯೋಚಿಸಿದಳು. ಹೆಡ್‌ಮಾಸ್ಟರಿಗೆ ಹೇಳಿದರೆ ಹುಡುಗಿಯರ ಕಥೆ ಮುಗಿಯಿತು. ಬಸವಲಿಂಗಮ್ಮನಿಗೆ ಹೇಳಿದರೆ ತನ್ನ ಕಥೆ. ಅತ್ತೆಗೆ ಹೇಳಿದರೆ ಸಂಜೆಯೊಳಗೆ ಇಡೀ ಉಪ್ಪಾರಹಳ್ಳಿಗೇ ಹೇಳಿದಂತೆ.

“ಯಾರಿಗೂ ಹೇಳಲ್ಲ” ಎಂದಳು. ಈ ಹುಡುಗಿಗೂ ಹೇಳಬಾರದೆಂದು ಆಗಲೇ ತೀರ್ಮಾನಿಸಿಯಾಗಿತ್ತು.