ಬಾಮೈದನ ಮನೆಗೆ ಅಗೇಟು ಪಟ

ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದ ನನಗೆ, ಚಿತ್ರಕಲೆಯ ವಿಷಯದಲ್ಲಿ ನಮ್ಮ ತಿಪಟೂರು ಸೀಮೆ ಇನ್ನೂ ಕಣ್ಣು ಬಿಟ್ಟಿಲ್ಲ ಎಂಬ ದೃಢ ನಂಬಿಕೆ. ಆ ಕಣ್ಣು ಬಿಡಿಸುವ ಪುಣ್ಯಕಾರ್ಯವನ್ನು ತುರುವೇಕೆರೆಯಲ್ಲಿರುವ ಬಾಮೈದ ಶಿವಣ್ಣನ ಗೃಹಪ್ರವೇಶದಿಂದಲೇ ಶುರುಮಾಡಲು ನಿರ್ಧರಿಸಿದೆ.

ಉಡುಗೊರೆ ಚೆನ್ನಾಗಿರಲೇಬೇಕಿತ್ತು. ಶಿವಣ್ಣ ಕೊಬ್ಬರಿ ವ್ಯಾಪಾರಿ. ಎರಡು ವರ್ಷದ ಹಿಂದೆ ಹಬ್ಬದ ಊಟದ ಪಂಕ್ತಿಯಲ್ಲಿ, ನೆಂಟರೆಲ್ಲರ ಮುಂದೆ, "ನಿನ್ನ ಕೊಬ್ಬರಿ ಕೌಟು ವಾಸನೆ ಕಣಯ್ಯ" ಎಂದು ತಮಾಷೆ ಮಾಡಿದ್ದೆ. ಅವತ್ತಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ತವರಿಗೆ ಹೋಗಿ ಬಂದಾಗಲೆಲ್ಲ ನನ್ನ ಹೆಂಡತಿ ಗಿರಿಜಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಈ ಸಲ ಸರಿ ಮಾಡ್ಕಳ್ಳಿ. ಒಂದು ಸ್ಟೀಲ್ ಕೊಳಗ ಕೊಟ್ರೆ ಸಾಕು ಕಣ್ರೀ" ಎಂದಳು.

ಕಲಾವಿದನ ಕೈಯಿಂದ ಕೊಳಗವೇ! ಮೊಬೈಲಿನಲ್ಲಿ ಹುಡುಕಿ, ಅಗೇಟು ಎಂಬ ಹರಳುಕಲ್ಲನ್ನು ಅಡ್ಡಕ್ಕೆ ಕೊಯ್ದಂತೆ ತೋರಿಸುವ ಮುದ್ರಿತ ಚಿತ್ರ ತರಿಸಿದೆ. ಗುಂಡಗಿತ್ತು. ಅಂಚಿಗೆ ಕಂದು, ಒಳಗೆ ಬಿಳಿ ಉಂಗುರ, ನಟ್ಟನಡುವೆ ನೀಲಿ, ಹಸಿರು. ಗಾಜು ಹಾಕಿ ಕಟ್ಟು ಹಾಕಿಸಿ, ಗಿರಿಜಾಗೂ ತೋರಿಸದೆ ಬಣ್ಣದ ಕಾಗದ ಸುತ್ತಿದೆ.

ಗೃಹಪ್ರವೇಶದ ದಿನ ಪೂಜೆ ಮುಗಿಯಿತು. ಒಡೆದ ಕಾಯಿ ಚೆನ್ನಾಗಿ ಬಂತೆಂದು ಎಲ್ಲರೂ ಸಮಾಧಾನದಲ್ಲಿದ್ದಾಗ ನಾನು ಕಾಗದ ಬಿಚ್ಚಿ ಪಟ ಎತ್ತಿ ಹಿಡಿದೆ. ನೆರೆದವರೆಲ್ಲ ಕಣ್ಣರಳಿಸಿ ಪಟವನ್ನೇ ದಿಟ್ಟಿಸಿದರು. ಕಲೆಯ ಪ್ರಭಾವ ಎಂದುಕೊಂಡೆ.

"ಅಯ್ಯೋ ಶಿವನೇ, ಕೆಟ್ಟ ಕಾಯಿ" ಎಂದರು ನಮ್ಮ ಅತ್ತೆ.

ಪಕ್ಕದ ತೋಟದ ಯಜಮಾನರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. "ಒಳಗೆಲ್ಲ ಬೂಸ್ಟು ಹಿಡಿದೈತೆ" ಎಂದು ತೀರ್ಪು ಕೊಟ್ಟರು.

ಶಿವಣ್ಣನ ಮುಖ ಕೆಂಪಾಯಿತು. ಆ ಹಳೆಯ ಕೌಟಿನ ಮಾತು ಅವನಿಗೆ ನೆನಪಾಗಿದೆ ಎಂದು ನನಗೂ ಗೊತ್ತಾಯಿತು. ಗಾಬರಿಯಲ್ಲಿ, "ಕಾಯಲ್ಲಪ್ಪ ಇದು, ಕಲ್ಲು. ನಿನ್ನ ಹೊಸ ಮನೆಗೆ ಹಾಕೋಕೆ ಅಂತ್ಲೇ ತಂದಿದ್ದು" ಎಂದುಬಿಟ್ಟೆ.

"ಮನೆಗೆ ಕಲ್ಲು ಹಾಕೋಕೇ ಬಂದ್ರಾ ಅಳಿಯಂದ್ರೇ?" ಎಂದು ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ದೋಷ ಕಳೆಯಲೆಂದು ಐನೋರು ಇನ್ನೊಂದು ಕಾಯಿ ಒಡೆದರು. ತಿಪಟೂರು ತಲುಪುವ ತನಕ ಗಿರಿಜಾ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಇಳಿಯುವಾಗ, "ಕೊಳಗ ಅಂದಿದ್ದೆ" ಎಂದಳು, ಅಷ್ಟೇ.

ವಾರದ ಮೇಲೆ ಶಿವಣ್ಣನ ಫೋನು ಬಂತು. ಎರಡು ವರ್ಷದಲ್ಲಿ ಅದೇ ಮೊದಲು. ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತು ಎತ್ತಿದೆ.

"ಭಾವ, ಆ ಪಟ ನಮ್ಮ ಮಂಡೀಲಿ ನೇತಾಕಿದೀನಿ. ಕೊಬ್ಬರಿ ಆರಿಸೋ ಹೆಂಗಸ್ರಿಗೆ, ಇಂಥದ್ದು ಕಂಡ್ರೆ ತೆಗ್ದು ಎಸೀರಿ ಅಂತ ತೋರ್ಸೋಕೆ ಸಲೀಸಾಯ್ತು. ಒಳ್ಳೆ ಕೊಬ್ಬರೀದೂ ಒಂದು ನೀವೇ ಬರ್ಕೊಡ್ತೀರಾ?"

ನನಗೆ ಆದ ಸಂತೋಷ ಹೇಳತೀರದು. ಮೂರು ಸಂಜೆ ಕೂತು, ನನ್ನಲ್ಲಿದ್ದ ವಿದ್ಯೆಯನ್ನೆಲ್ಲ ಖರ್ಚುಮಾಡಿ, ಅಚ್ಚ ಬಿಳಿಯ ಕೊಬ್ಬರಿ ಹೋಳೊಂದನ್ನು ಬರೆದು ಕಳಿಸಿದೆ. ಮಾರನೆಯ ದಿನವೇ ಮತ್ತೆ ಫೋನು. ಶಿವಣ್ಣ ನಗು ತಡೆದುಕೊಂಡು ಮಾತಾಡುತ್ತಿದ್ದ.

"ಬಂತು ಭಾವ. ಇದನ್ನೂ ಅದರ ಪಕ್ಕಕ್ಕೇ ಹಾಕಿದೀನಿ. ಕೆಡೋದ್ರಲ್ಲೂ ಎರಡು ಥರ ಇರ್ತದೆ ಅಂತ ಅವರಿಗೂ ಗೊತ್ತಾಗ್ಲಿ. ಭಾನುವಾರ ಅಕ್ಕನ್ನ ಕರ್ಕಂಡು ಊಟಕ್ಕೆ ಬನ್ನಿ. ದಮ್ಮಯ್ಯ, ಬರಿಗೈಲೇ ಬನ್ನಿ."