ಬಿಟ್ಟುಹೋದವರ ಲೆಕ್ಕ

ಲೆಕ್ಕ ಹಾಕುವವರ ಬದುಕಿನಲ್ಲಿ ನಗುವಂಥದ್ದೇನೂ ನಡೆಯೋದಿಲ್ಲ ಅಂತ ಜನ ನಂಬಿದ್ದಾರೆ. ನಾನು ಹ್ಯೂಸ್ಟನ್ ಹತ್ತಿರದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ವರ್ಷಗಟ್ಟಲೆ ಕೂತು ಲೆಕ್ಕ ಹಾಕಿದವಳು. ಅಲ್ಲಿ ನಗು ಬಾರದ ದಿನ ಅಂದರೆ ಆಫೀಸಿಗೆ ರಜಾ ಇದ್ದ ದಿನ, ಅಷ್ಟೇ. ಆ ನಗುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಲ್ಲು ಕಚ್ಚಿಕೊಂಡು ನಕ್ಕಿದ್ದು ಅನ್ನೋದನ್ನೂ ಮೊದಲೇ ಹೇಳಿಬಿಡುತ್ತೇನೆ.

ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಕಾಲೇಜು. ಯಾರು ಬೇಕಾದರೂ ಸೇರಬಹುದು, ಫೀಸು ಕಮ್ಮಿ. ಕೆಲವರು ಎರಡು ವರ್ಷ ಓದಿ ಒಂದು ಸಣ್ಣ ಡಿಗ್ರಿ ತಗೋತಾರೆ. ಚುರುಕಾದವರು ಅದಕ್ಕೂ ಕಾಯದೆ ದೊಡ್ಡ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಹೋಗ್ತಾರೆ. ಎಷ್ಟು ಜನ ಡಿಗ್ರಿ ತಗೊಂಡರು, ಎಷ್ಟು ಜನ ಹೋದರು ಅಂತ ಎಣಿಸಿ ಸರ್ಕಾರಕ್ಕೆ ಬರೆದು ಕಳಿಸೋದು ನನ್ನ ಕೆಲಸ.

ಕಾಗದ ಬಚ್ಚಿಡಬೇಕಿತ್ತು

ಸರ್ಕಾರದ ಫಾರ್ಮು ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನು ಜನ್ಮದಲ್ಲಿ ನಮ್ಮಂಥ ಕಾಲೇಜಿನ ಬಾಗಿಲು ನೋಡಿಲ್ಲ. ಫಾರ್ಮಿನ ಪ್ರಕಾರ ವಿದ್ಯಾರ್ಥಿ ಅಂದರೆ ಮೊದಲ ಸಲ ಕಾಲೇಜಿಗೆ ಬಂದವನು, ಆಗಸ್ಟಿನಲ್ಲಿ ಸೇರಿದವನು, ಇಡೀ ದಿನ ಓದುವವನು. ಹಗಲೆಲ್ಲ ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತು ಸಂಜೆ ಎರಡು ಕ್ಲಾಸಿಗೆ ಬರುವ ಇಬ್ಬರು ಮಕ್ಕಳ ತಾಯಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಮ್ಮ ಕಾಲೇಜು ತುಂಬ ಅಂಥವರೇ.

ಲೆಕ್ಕಕ್ಕೆ ಸಿಕ್ಕವರು ಮೂರು ವರ್ಷದೊಳಗೆ ನಮ್ಮ ಡಿಗ್ರಿ ತಗೋಬೇಕು. ತಗೊಳ್ಳದಿದ್ದರೆ ಬಿಟ್ಟುಹೋದವರು ಅಂತ ಲೆಕ್ಕ. ಟ್ರಾನ್ಸ್‌ಫರ್ ಆದವರಿಗೆ ಬೇರೆ ಕಾಲಂ ಇದೆ, ಇಲ್ಲ ಅನ್ನೋದಿಲ್ಲ. ಅದನ್ನು ಓದೋರು ಇಬ್ಬರೇ, ಬರೆದ ನಾನು ಮತ್ತು ಅದರಲ್ಲಿ ತಪ್ಪು ಹುಡುಕುವ ನನ್ನ ಬಾಸ್.

ಒಂದು ವರ್ಷ ನಮ್ಮ ಹುಡುಗನೊಬ್ಬ ಎರಡೇ ಸೆಮಿಸ್ಟರ್ ಓದಿ ಸ್ಕಾಲರ್‌ಶಿಪ್ ಸಮೇತ ಆಸ್ಟಿನ್ನಿನ ದೊಡ್ಡ ಯೂನಿವರ್ಸಿಟಿಗೆ ಹೋದ. ನಾನು ಖುಷಿಯಿಂದ ಮೀಟಿಂಗಿನಲ್ಲಿ ಹೇಳಿದೆ. ನಮ್ಮ ಕಾಲೇಜಿನ ಪ್ರೆಸಿಡೆಂಟ್ ಸಾಹೇಬರು, ಅಂದರೆ ನಮ್ಮ ಕಡೆಯ ಪ್ರಿನ್ಸಿಪಾಲರ ಹಾಗೆ, ಮುಖ ಹುಳ್ಳಗೆ ಮಾಡಿಕೊಂಡರು.

"ನಮ್ಮ ಡಿಗ್ರಿ ತಗೊಂಡನಾ?"

"ಇಲ್ಲ ಸರ್."

"ಹಾಗಾದರೆ ಅವನು ನಮಗೆ ಫೇಲ್ಯೂರ್. ಸ್ಕಾಲರ್‌ಶಿಪ್ ಕಾಗದ ಬಂದಿದ್ದು ಯಾವ ವಿಳಾಸಕ್ಕೆ?"

"ನಮ್ಮ ಕಾಲೇಜಿನ ವಿಳಾಸಕ್ಕೆ ಸರ್."

"ಮತ್ತೆ ಅದನ್ನ ಅವನ ಕೈಗೆ ಯಾರ್ರೀ ಕೊಟ್ಟಿದ್ದು?" ಅಂದರು.

ಇಬ್ಬರೇನಾ?

ಆ ಫಾರ್ಮಿಗೂ ಒಂದು ಕರುಣೆ ಇದೆ. ವಿದ್ಯಾರ್ಥಿ ಸೈನ್ಯಕ್ಕೆ ಸೇರಿದರೆ, ಧರ್ಮಪ್ರಚಾರಕ್ಕೆ ಹೋದರೆ, ಅಥವಾ ತೀರಿಕೊಂಡರೆ ಲೆಕ್ಕದಿಂದ ತೆಗೆದುಬಿಡಬಹುದು. ತೆಗೆದಷ್ಟೂ ನಮ್ಮ ರೇಟು, ಅಂದರೆ ನೂರಕ್ಕೆ ಎಷ್ಟು ಜನ ಡಿಗ್ರಿ ತಗೊಂಡರು ಅನ್ನೋ ಲೆಕ್ಕ, ಮೇಲೇರುತ್ತೆ. ಇದು ವೈಸ್ ಪ್ರೆಸಿಡೆಂಟರಿಗೆ ಗೊತ್ತಾದ ದಿನದಿಂದ ನನಗೆ ನೆಮ್ಮದಿ ಹೋಯಿತು.

"ಈ ಸಲ ತೀರಿಕೊಂಡವರು ಎಷ್ಟು?" ಅಂತ ಕೇಳಿದರು.

"ಇಬ್ಬರು ಸರ್. ಪಾಪ, ಕಾರ್ ಆಕ್ಸಿಡೆಂಟು."

"ಇಬ್ಬರೇನಾ?"

ಆ ದನಿಯಲ್ಲಿದ್ದ ನಿರಾಸೆ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. "ಯೋಚನೆ ಮಾಡಬೇಡಿ ಸರ್, ಲೆಕ್ಕ ಮುಚ್ಚೋದು ಆಗಸ್ಟ್ ಕೊನೆಗೆ, ಇನ್ನೂ ಟೈಮ್ ಇದೆ" ಅಂದೆ.

ಅವರು ಗಂಭೀರವಾಗಿ ತಲೆಯಾಡಿಸಿ ಡೈರಿಯಲ್ಲಿ ಬರೆದುಕೊಂಡರು.

ಡಲ್ಲಾಸಿನಿಂದ ಬಂದ ಜ್ಞಾನ

ಇಷ್ಟಾದರೂ ರೇಟು ಏರಲಿಲ್ಲ. ಡಲ್ಲಾಸಿನಿಂದ ಒಬ್ಬ ಕನ್ಸಲ್ಟೆಂಟ್ ಬಂದ. ನಾನು ಕಳಿಸಿದ ಅಂಕಿಗಳನ್ನೇ ಬಣ್ಣ ಬಳಿದು ನನಗೇ ತೋರಿಸಿದ. ಕೊನೆಗೆ ಒಂದು ಚಾರ್ಟು ಹಾಕಿ, ಪತ್ತೇದಾರನ ಹಾಗೆ ಒಬ್ಬೊಬ್ಬರ ಮುಖವನ್ನೂ ನೋಡಿದ.

"ನಿಮ್ಮ ಗಣಿತದ ಲ್ಯಾಬಿಗೆ ಹೋಗುವ ಮಕ್ಕಳು ಬೇರೆಯವರಿಗಿಂತ ಬೇಗ ಕಾಲೇಜು ಬಿಡ್ತಾರೆ" ಅಂದ.

ಗಣಿತದ ಲ್ಯಾಬ್ ಅಂದರೆ ಕೆಳಗಿನ ಮಹಡಿಯ ಒಂದು ರೂಮು. ಅಲ್ಲಿ ಎಪ್ಪತ್ತು ದಾಟಿದ ಟೀಚರಮ್ಮ ಒಬ್ಬರು ದಿನಾ ಸಂಜೆ ಕೂತು, ಯಾರು ಬಂದರೂ ಪುಕ್ಕಟೆ ಲೆಕ್ಕ ಹೇಳಿಕೊಡುತ್ತಿದ್ದರು. ಟೆಕ್ಸಸ್‌ನವರೇ, ಹೈಸ್ಕೂಲಿನಿಂದ ರಿಟೈರ್ ಆದವರು, ಎಲ್ಲರನ್ನೂ "ಹನಿ" ಅಂತಲೇ ಕರೆಯೋರು, ನಮ್ಮಲ್ಲಿ "ಚಿನ್ನ" ಅನ್ನೋ ಹಾಗೆ. ಭಿನ್ನರಾಶಿ ಕಂಡರೆ ಬೆವರುತ್ತಿದ್ದ ಮಕ್ಕಳು ಅವರ ಹತ್ತಿರ ವರ್ಷ ಕೂತರೆ ಕ್ಯಾಲ್ಕುಲಸ್ ಮುಗಿಸಿ ಆಸ್ಟಿನ್ನಿಗೆ ಹೋಗಿಬಿಡುತ್ತಿದ್ದರು. ಬೇಗ ಬಿಡ್ತಾರೆ ಅಂದರೆ ಇದು!

ನಾನು ಎದ್ದು ನಿಂತು ಅದನ್ನೇ ಹೇಳಿದೆ. "ಅವರು ಬಿಟ್ಟಿದ್ದಲ್ಲ, ಮೇಲೆ ಹೋಗಿದ್ದು!"

"ಅದು ಬೇರೆ ಕಾಲಂ" ಅಂದ ಕನ್ಸಲ್ಟೆಂಟ್.

ಅಲ್ಲಿಗೆ ತೀರ್ಮಾನ ಆಯಿತು. ಆಗಸ್ಟ್ ಕೊನೆಯೊಳಗೆ ಇನ್ನೂ ಹನ್ನೆರಡು ಡಿಗ್ರಿ ಆಗದಿದ್ದರೆ ಲ್ಯಾಬ್ ಬಂದ್. ಆ ರೂಮಿನಲ್ಲಿ ಸೋಫಾ, ದೊಡ್ಡ ಟೀವಿ ಇಟ್ಟು ಯಶಸ್ಸಿನ ಕೇಂದ್ರ ಮಾಡುತ್ತಾರಂತೆ. ಯಾರ ಯಶಸ್ಸು ಅಂತ ನಾನು ಕೇಳಲಿಲ್ಲ.

ಸಂಜೆ ಟೀಚರಮ್ಮನಿಗೆ ಸುದ್ದಿ ಹೇಳಲು ಹೋದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು, "ಹನಿ, ಆ ಮಕ್ಕಳನ್ನ ನಾನು ಓಡಿಸಿಬಿಟ್ಟೆನಾ?" ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟಿನಲ್ಲಿ ಕನ್ಸಲ್ಟೆಂಟನ ರಿಪೋರ್ಟಿನಿಂದ ಆ ಚಾರ್ಟಿನ ಹಾಳೆಯನ್ನು ಹರಿದು ಅವರ ಕೈಗೇ ಕೊಟ್ಟೆ. ಅವರು ಅದರ ಹಿಂದುಗಡೆ ಖಾಲಿ ಜಾಗ ನೋಡಿ, "ಪರವಾಗಿಲ್ಲ, ರಫ್ ವರ್ಕಿಗೆ ಆಗುತ್ತೆ" ಅಂದರು.

ನಮ್ಮವರ ಗ್ಯಾಪ್ ಇಯರ್

ಹನ್ನೆರಡು ಡಿಗ್ರಿಗೆ ಒಂದು ದಾರಿ ಇತ್ತು. ನಮ್ಮಲ್ಲಿ ಓದಿ ಆಸ್ಟಿನ್ನಿಗೆ ಹೋದ ಮಕ್ಕಳು ಅಲ್ಲಿ ಪಾಸು ಮಾಡಿದ ಕೋರ್ಸುಗಳನ್ನು ನಮ್ಮ ಕೋರ್ಸುಗಳ ಜೊತೆ ಸೇರಿಸಿ, ನಾವು ನಮ್ಮ ಡಿಗ್ರಿ ಕೊಡಬಹುದು. ಮತ್ತೆ ಓದೋದು ಬೇಡ, ಪರೀಕ್ಷೆ ಬೇಡ. ಹುಡುಗನದೊಂದು ಸಹಿ ಸಾಕು. ಈಮೇಲ್ ಕಳಿಸಿದೆವು. ಕಾಲೇಜಿನ ಈಮೇಲ್ ತೆರೆಯುವ ಹುಡುಗ ಟೆಕ್ಸಸ್ಸಿನಲ್ಲಿ ಇನ್ನೂ ಹುಟ್ಟಿಲ್ಲ.

ಅಪ್ಪ ಅಮ್ಮಂದಿರನ್ನು ಹಿಡಿಯೋಣ ಅಂದರೆ ಅಲ್ಲೇ ಇರೋದು ಗಮ್ಮತ್ತು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ನಮ್ಮ ಇಂಡಿಯಾದ ಜನರಲ್ಲಿ ಕಮ್ಯುನಿಟಿ ಕಾಲೇಜು ಅನ್ನೋದು ಬಾಯಲ್ಲಿ ಹೇಳುವ ಮಾತೇ ಅಲ್ಲ. ಆಸ್ಟಿನ್ನಿನಲ್ಲಿ ಮೊದಲ ವರ್ಷ ಸೀಟು ಸಿಗದ ಮಕ್ಕಳು ಒಂದು ವರ್ಷ ನಮ್ಮಲ್ಲಿ ಓದಿ ಆಮೇಲೆ ಹೋಗ್ತಾರಲ್ಲ, ಆ ಒಂದು ವರ್ಷ ಮನೆಯವರ ಕ್ಯಾಲೆಂಡರಿನಲ್ಲೇ ಇರೋದಿಲ್ಲ. ಒಬ್ಬರು ಆಂಟಿ ತಮ್ಮ ಮಗಳು ಆ ವರ್ಷ ಡಲ್ಲಾಸ್ ಹತ್ತಿರದ ಫ್ರಿಸ್ಕೋದ ಚಿಕ್ಕಮ್ಮನ ಮನೆಯಲ್ಲಿದ್ದಳು ಅಂತ ಎಲ್ಲರಿಗೂ ಹೇಳಿದ್ದರು. ಆ ಹುಡುಗಿ ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲೇ ಕಾರ್ ಪಾರ್ಕ್ ಮಾಡೋಳು.

ನನಗೆ ಎಲ್ಲರ ಗುಟ್ಟೂ ಗೊತ್ತು. ಆದರೆ ಯಾರ ಮಕ್ಕಳು ನಮ್ಮಲ್ಲಿ ಓದಿದರು ಅಂತ ಬಾಯಿ ಬಿಡುವ ಹಾಗಿಲ್ಲ, ಕಾನೂನು.

ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರಿದ್ದರು, ಆಯಿಲ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಯಾವ ಪೂಜೆಗೆ ಹೋದರೂ ತಟ್ಟೆ ಹಿಡಿದು ನನ್ನ ಹತ್ತಿರವೇ ಬರೋರು.

"ಏನ್ರಿ ಮೇಡಂ, ನಿಮ್ಮ ಕಾಲೇಜಿನಾಗ ಈ ವರ್ಷರ ಯಾರರ ಪಾಸ್ ಆದ್ರೇನ್ರಿ? ದಡ್ಡರನ್ನೆಲ್ಲಾ ಒಂದ ಕಡೆ ಕೂಡಿಸಿ ನೀವರ ಏನ್ ಮಾಡ್ತೀರಿ ಬಿಡ್ರಿ. ನಮ್ಮ ಹುಡುಗ ಆಸ್ಟಿನ್‌ದಾಗ ಇಂಜಿನಿಯರಿಂಗ್ ಮಾಡಾಕತ್ತಾನ್ರಿ, ಡೈರೆಕ್ಟ್ ಸೀಟು!"

ಅವರ ಡೈರೆಕ್ಟ್ ಸೀಟಿನ ಹುಡುಗ ನಮ್ಮ ಲ್ಯಾಬಿನಲ್ಲಿ ಎರಡು ಸೆಮಿಸ್ಟರ್ ಕೂತು ಕ್ಯಾಲ್ಕುಲಸ್ ಕಲಿತವನು. ನಾನು ಬಾಯಿಗೆ ಒಂದು ಇಡೀ ಹೋಳಿಗೆ ತುರುಕಿಕೊಂಡೆ. ಕಾನೂನು ಪಾಲಿಸಲು ಆ ಕ್ಷಣ ಬೇರೆ ಉಪಾಯ ಇರಲಿಲ್ಲ.

ಫ್ರೆಂಡಿನ ಮಗ

ಕೊನೆಗೆ ನಮ್ಮೂರಿನ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ. "ನಮ್ಮ ಕಾಲೇಜಿನಿಂದ ಟ್ರಾನ್ಸ್‌ಫರ್ ಆದ ಮಕ್ಕಳಿಗೆ ಇನ್ನೊಂದು ಡಿಗ್ರಿ. ಪರೀಕ್ಷೆ ಇಲ್ಲ, ಕ್ಲಾಸ್ ಇಲ್ಲ, ಫೀಸು ಇಲ್ಲ. ವೆಬ್‌ಸೈಟಿನಲ್ಲಿ ಫಾರ್ಮ್ ಇದೆ, ಮಕ್ಕಳ ಸಹಿ ಹಾಕಿಸಿ ಮುಂದಿನ ಶುಕ್ರವಾರದೊಳಗೆ ತಂದುಕೊಡಿ." ಲ್ಯಾಬ್ ಉಳಿಯೋದು ಇದರ ಮೇಲೇ ಅಂತಲೂ ಸೇರಿಸಿದೆ.

ಗ್ರೂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಹುಬ್ಬಳ್ಳಿ ಅಂಕಲ್ ಮಾತ್ರ ಗುಡ್ ಮಾರ್ನಿಂಗ್ ಅಂತ ಒಂದು ಗುಲಾಬಿ ಕಳಿಸಿದರು, ಮಧ್ಯಾಹ್ನ ಎರಡು ಗಂಟೆಗೆ. ಆದರೆ ಪೋಸ್ಟು ಫಾರ್ವರ್ಡ್ ಆಗಿ ತೆಲುಗು, ಗುಜರಾತಿ ಗ್ರೂಪುಗಳಿಗೂ ಹೋಗಿ, ನನಗೆ ಒಂದೊಂದೇ ಪ್ರೈವೇಟ್ ಮೆಸೇಜು ಶುರುವಾಯಿತು.

"ನಮ್ಮ ಫ್ರೆಂಡ್ ಒಬ್ಬರ ಮಗನಿಗೆ ಕೇಳ್ತಿದ್ದೀನಿ." "ನಮಗಲ್ಲಪ್ಪ, ಪಕ್ಕದ ಮನೆಯವರಿಗೆ." ಫ್ರಿಸ್ಕೋ ಕಥೆ ಕಟ್ಟಿದ್ದ ಆಂಟಿ ಕೂಡ ಯಾರೋ ದೂರದ ಪರಿಚಯದವರಿಗಾಗಿ ಕೇಳಿದರು. ಅಬ್ಬಬ್ಬಾ, ನಮ್ಮ ಜನ ಪರೋಪಕಾರದಲ್ಲಿ ಇಷ್ಟೊಂದು ಮುಂದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು!

ಎಲ್ಲರದೂ ಕೊನೆಯಲ್ಲಿ ಒಂದೇ ಪ್ರಶ್ನೆ. "ಆಫೀಸಿನಲ್ಲಿ ಯಾರೂ ಇರದ ಟೈಮ್ ಯಾವುದು?"

ನಾನು ಸುಳ್ಳು ಹೇಳೋಳಲ್ಲ. ಶುಕ್ರವಾರ ಸಂಜೆ ನಾಲ್ಕಕ್ಕೆ ನಮ್ಮ ಕಾರಿಡಾರಿನಲ್ಲಿ ನಿಜವಾಗಿಯೂ ಯಾರೂ ಇರೋದಿಲ್ಲ. ಕೇಳಿದವರಿಗೆಲ್ಲ ಅದನ್ನೇ ಹೇಳಿದೆ.

ಶುಕ್ರವಾರ ನಾಲ್ಕು ಗಂಟೆ

ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಾಗಿಲು ತೆರೆದು ನೋಡಿದರೆ ಕಾರಿಡಾರಿನ ತುಂಬ ಜನ! ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಕಟ್ಟಡದ ಒಳಗೆ ತಂಪು ಕನ್ನಡಕ ಹಾಕಿದವರು ಮೂವರು. ಫ್ರಿಸ್ಕೋದ ಆಂಟಿ ನೋಟಿಸ್ ಬೋರ್ಡಿಗೆ ಮೂಗು ತಾಗಿಸಿಕೊಂಡು, ವೆಲ್ಡಿಂಗ್ ಕೋರ್ಸಿನ ಟೈಮ್‌ಟೇಬಲ್ಲನ್ನು ಭಕ್ತಿಯಿಂದ ಓದುತ್ತಿದ್ದರು. ಹುಬ್ಬಳ್ಳಿ ಅಂಕಲ್ ಕಂಕುಳಲ್ಲಿ ಒಂದು ಕವರು ಒತ್ತಿಕೊಂಡು ನೀರಿನ ನಲ್ಲಿಯ ಹತ್ತಿರ ನಿಂತಿದ್ದರು.

"ಏನ್ ಅಂಕಲ್, ನೀವಿಲ್ಲಿ?"

"ಏನಿಲ್ರಿ, ಹಿಂಗ ಈ ಕಡೆ ಬಂದಿದ್ದೆ, ನೀರಡಿಕಿ ಆತು."

ಅವರ ಆಫೀಸು ಇಲ್ಲಿಂದ ನಲವತ್ತು ನಿಮಿಷದ ಡ್ರೈವ್.

ಒಬ್ಬೊಬ್ಬರೇ ಒಳಗೆ ಬಂದು, ಫಾರ್ಮನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು, ಬಂದ ಹಾಗೇ ಹೊರಟರು. ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ, ಹನ್ನೊಂದೇ. ಅವತ್ತು ಆಗಸ್ಟಿನ ಕೊನೆಯ ಶುಕ್ರವಾರ, ಐದು ಗಂಟೆಗೆ ಆಫೀಸು ಮುಚ್ಚಿದರೆ ಲೆಕ್ಕವೂ ಮುಚ್ಚಿದ ಹಾಗೆ. ಹನ್ನೆರಡನೆಯದು ಅಂಕಲ್ ಕಂಕುಳಲ್ಲಿದೆ, ಅವರು ಮೂರನೇ ಸಲ ನೀರು ಕುಡಿಯುತ್ತಿದ್ದಾರೆ. ಕೇಳಿಬಿಡೋಣ ಅಂದರೆ ಅದೇ ಹಾಳು ಕಾನೂನು. ಫಾರ್ಮ್ ಕೊಟ್ಟು ಮುಗಿಸಿದ ಸಂಘದವರೇ ಐದಾರು ಜನ, ಏನೂ ನಡೆದೇ ಇಲ್ಲ ಅನ್ನೋ ಹಾಗೆ, ಇನ್ನೂ ಮೆಟ್ಟಿಲ ಹತ್ತಿರ ಹರಟುತ್ತಾ ನಿಂತಿದ್ದರು, ಅವರೆದುರು ಒಳಗೆ ಬರಲು ಈ ಮನುಷ್ಯನಿಗೆ ಧೈರ್ಯ ಇಲ್ಲ. ಕೊನೆಗೆ ಕವರನ್ನು ಶರಟಿನೊಳಗೆ ತೂರಿಸಿಕೊಂಡು ಹೊರಟೇ ಬಿಟ್ಟರು.

ಅದೇ ಹೊತ್ತಿಗೆ ಟೀಚರಮ್ಮ ಪುಸ್ತಕದ ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ರೂಮು ಖಾಲಿ ಮಾಡಲು ಶುರು ಮಾಡಿದ್ದರು, ಪಾಪ. ಅಂಕಲ್ ಮುಖ ನೋಡಿದವರೇ ಪೆಟ್ಟಿಗೆಯನ್ನು ದಪ್ಪನೆ ನೆಲಕ್ಕಿಟ್ಟರು.

"ಅಯ್ಯೋ ಹನಿ, ನೀವಾ! ದಿನಾ ಸಂಜೆ ಲ್ಯಾಬಿನ ಮುಂದೆ ಕಾರಲ್ಲಿ ಟೋಪಿ ಹಾಕ್ಕೊಂಡು ಕೂತಿರ್ತಿದ್ರಲ್ಲ, ಕರೆದರೂ ಒಳಗೆ ಬರ್ತಿರಲಿಲ್ಲ! ನಿಮ್ಮ ಹುಡುಗ ಹೇಗಿದ್ದಾನೆ? ಮೊದಲು ಬಂದಾಗ ಪೇಪರ್ ನೋಡಿ ಅಳ್ತಿದ್ದ, ನೆನಪಿದೆಯಾ?" ಅಂತ ಕಟ್ಟಡ ಮೊಳಗುವ ಹಾಗೆ ಹೇಳಿ ತಬ್ಬಿಕೊಂಡೇ ಬಿಟ್ಟರು. ಕಾನೂನಿನ ಕಾಗದವನ್ನು ಅವರು ಯಾವತ್ತೂ ಓದಿದವರಲ್ಲ.

ಮೆಟ್ಟಿಲ ಹತ್ತಿರ ಹರಟೆ ಗಪ್ಪನೆ ನಿಂತಿತು. ಅಂಕಲ್ ಕಿವಿ ಕೆಂಪಾಯಿತು. ಎಲ್ಲರನ್ನೂ ಒಮ್ಮೆ ನೋಡಿದರು, ಆ ಪೆಟ್ಟಿಗೆ ನೋಡಿದರು.

"ಇದೇನ್ರಿ, ಇವರು ಖರೇನ ಹೊಂಟಾರೇನ್ರಿ?" ಅಂತ ನನ್ನನ್ನು ಕೇಳಿದರು.

"ಒಂದು ಫಾರ್ಮ್ ಕಡಿಮೆ ಬಿದ್ದಿದೆ ಅಂಕಲ್. ಐದು ಗಂಟೆ ತನಕ ಟೈಮ್ ಇದೆ."

ಅಂಕಲ್ ಗೋಡೆಯ ಗಡಿಯಾರ ನೋಡಿದರು. ಆಮೇಲೆ ಎಲ್ಲರೆದುರಿಗೇ ಶರಟಿನ ಗುಂಡಿ ಬಿಚ್ಚಿ, ಬೆವರಿಗೆ ಒದ್ದೆಯಾಗಿದ್ದ ಕವರು ತೆಗೆದು ನನ್ನ ಕೈಗಿಟ್ಟರು. "ಈ ಅಮ್ಮಾರು ಇರಲಿಲ್ಲ ಅಂದ್ರ ನಮ್ಮ ಹುಡುಗ ಎಲ್ಲಿಯ ಆಸ್ಟಿನ್ ಬಿಡ್ರಿ" ಅಂದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಇಷ್ಟು ವರ್ಷ ಅವರನ್ನು ಬೈದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ಹನ್ನೆರಡಾಯಿತು. ಲ್ಯಾಬ್ ಉಳಿಯಿತು. ಅಂಕಲ್ಲೇ ಮುಂದೆ ನಿಂತು ಟೀಚರಮ್ಮನ ಪೆಟ್ಟಿಗೆಯನ್ನು ಹೊತ್ತು ವಾಪಸ್ ಲ್ಯಾಬಿನಲ್ಲಿ ಇಟ್ಟು ಬಂದರು. ಎಷ್ಟು ದೊಡ್ಡ ಮನಸ್ಸು, ನಾವೇ ಜನರನ್ನು ಸುಮ್ಮನೆ ಹೀಗಳೆಯುತ್ತೇವೆ ಅಂತ ಅಂದುಕೊಂಡು ಬೀಗ ಹಾಕುತ್ತಿದ್ದೆ. ಅಂಕಲ್ ಮತ್ತೆ ಬಂದರು. ಆಚೆ ಈಚೆ ನೋಡಿ ದನಿ ತಗ್ಗಿಸಿದರು.

"ಮೇಡಂ, ಒಂದ ಮಾತು. ಡಿಗ್ರಿ ಸರ್ಟಿಫಿಕೇಟು ಫ್ರೇಮ್ ಹಾಕಿಸಿ ಹಾಲ್‌ನಾಗ ತೂಗ ಹಾಕಬೇಕಂತ ಮಾಡೀನ್ರಿ. ಅದರಾಗ ಹುಡುಗನ ಹೆಸರು ದೊಡ್ಡದ ಇರಲಿ. ನಿಮ್ಮ ಕಾಲೇಜಿನ ಹೆಸರು ಇರತೈತಲ್ರಿ, ಅದೊಂದು ಬಿಟ್ಟು ಪ್ರಿಂಟ್ ಮಾಡಾಕ ಬರತೈತೇನ್ರಿ?"