ಪೀಠ ಬಿಟ್ಟೇಳದ ಗುಂಡಪ್ಪ

ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಕೀಳುವುದೆಂದರೆ ಗುಂಡಪ್ಪನಿಗೆ ಹಸುಗೂಸಿನ ಕುಲಾವಿ ಕಿತ್ತು ಗಾಳಿಗೆ ಮಲಗಿಸಿದಷ್ಟು ಸಂಕಟ. ಬ್ಯಾಂಕು ಅವನನ್ನು ವಡೋದರಾಕ್ಕೆ ವರ್ಗ ಮಾಡಿದ ವರ್ಷ ಕೊಂಡ ಫ್ರಿಜ್ಜು ಇನ್ನೂ ಪ್ಲಾಸ್ಟಿಕ್ ಹೊದ್ದೇ ನಿಂತಿತ್ತು. ಟೀವಿ ರಿಮೋಟಿನ ಗುಂಡಿಯನ್ನು ಕವರಿನ ಮೇಲಿಂದ, ರೋಗಿಯ ನಾಡಿ ಹುಡುಕಿದಂತೆ ಹುಡುಕಬೇಕಿತ್ತು.

ಅಂಥ ಗುಂಡಪ್ಪ ಆ ಭಾನುವಾರ ಬಡಗಿಯಾಗಿದ್ದ. ಸಂಜೆ ಅವನ ಮನೆಯಲ್ಲಿ ಕನ್ನಡ ಸಂಘದವರ ಕಾವ್ಯವಾಚನ. ರಾಗವಾಗಿ ಓದುವವಳು ಹೆಂಡತಿ ಇಂದುಮತಿ. ಅವಳ ಪುಸ್ತಕಕ್ಕೆ ಪೀಠವನ್ನು ತಾನೇ ಮಾಡುತ್ತೇನೆಂದು ಎಲ್ಲರಿಗೂ ಸಾರಿದ್ದ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಣೆ ಮಾಡಿ, ಕಾಲು ಕೂರಿಸಿದರಾಯಿತು.

"ಹಿಂದೆ ಮಾಡಿದ ಚಪ್ಪಲಿ ಸ್ಟ್ಯಾಂಡು ಚಪ್ಪಲಿ ಇಟ್ಟ ಕೂಡಲೇ ಸಾಷ್ಟಾಂಗ ಹಾಕ್ತು," ಎಂದಳು ಇಂದುಮತಿ. "ಇದೂ ಹಾಗೇ ಆದ್ರೆ ನಿಮ್ಮ ಗರಗಸ, ಸುತ್ತಿಗೆ ಎಲ್ಲಾ ಗುಜರಿಗೆ. ಈಗಲೇ ಹೇಳಿದೀನಿ."

ಹಾಗೆಂದು ಅವಳು ಅಡುಗೆಮನೆಗೆ ಹೋದಳು. ಗುಂಡಪ್ಪ ಧಾರಾಳವಾಗಿ ಅಂಟು ಬಳಿದು ಹಲಗೆ ಜೋಡಿಸಿದ. ಅಂಟಿನ ವಾಸನೆ ಹಿಡಿದು ಮೇಲಿನ ಮನೆಯ ಹುಡುಗ ಮಂಥನ್ ಇಳಿದು ಬಂದ.

"ಕಾಕಾ, ಬರೀ ಜೋಡಿಸಿದ್ರೆ ಹಿಡಿಯಲ್ಲ. ಭಾರ ಬೇಕು," ಎಂದ ಹಿಂದಿಯಲ್ಲಿ.

ಅಕ್ಕಿ ಡಬ್ಬ ಇಟ್ಟರು, ಸಾಲಲಿಲ್ಲ. ಮಂಥನ್ ಮನೆಯನ್ನೆಲ್ಲ ಕಣ್ಣಲ್ಲೇ ತೂಗಿ, ಕೊನೆಗೆ ಗುಂಡಪ್ಪನ ಹೊಟ್ಟೆಯ ಮೇಲೆ ದೃಷ್ಟಿ ನಿಲ್ಲಿಸಿದ. "ಕಾಕಾ, ನೀವೇ ಕೂತುಬಿಡಿ."

ಗುಂಡಪ್ಪ ಪಂಚೆ ಸರಿಪಡಿಸಿಕೊಂಡು ಕೂತ. ಅವನ ಭಾರಕ್ಕೆ ಅಂಟು ಸುತ್ತಲೂ ಮೆಲ್ಲಗೆ ಹೊರಬಂತು. ಹೊತ್ತು ಇಳಿದು, ಬಾಗಿಲಲ್ಲಿ ಸಂಘದವರು ಚಪ್ಪಲಿ ಬಿಡುವ ಸದ್ದು ಕೇಳಿ ಏಳಹೋದರೆ ಹಿಂದಿನಿಂದ ಯಾರೋ ಜಗ್ಗಿದಂತಾಯಿತು. ಪಂಚೆ ಹಲಗೆಗೆ ಕಚ್ಚಿಕೊಂಡಿತ್ತು!

ನಿಜ ಹೇಳಿದರೆ ಗರಗಸ ಗುಜರಿಗೆ. ಗುಂಡಪ್ಪ ಪಂಚೆಯ ಅಂಚು ಹರಡಿ ಹಲಗೆ ಮುಚ್ಚಿದ.

"ಪೀಠ ಎಲ್ರೀ?" ಇಂದುಮತಿ ಪಿಸುಗುಟ್ಟಿದಳು.

"ಒಣಗ್ತಿದೆ. ನೀನು ಓದೇ, ನಾನು ಕೂತು ಕೇಳ್ತೀನಿ."

ಇಂದುಮತಿ ಬೆರಗಾದಳು. ಮದುವೆಯಾದಂದಿನಿಂದ, ಅವಳು ರಾಗ ಎತ್ತಿದೊಡನೆ ಕಾಫಿ ನೆಪದಲ್ಲಿ ಮಾಯವಾಗುತ್ತಿದ್ದ ಗಂಡ! ಪುಸ್ತಕವನ್ನು ಅಕ್ಕಿ ಡಬ್ಬದ ಮೇಲಿಟ್ಟು ಹಿಂದೆಂದೂ ಇಲ್ಲದ ಹುರುಪಿನಿಂದ ಓದಿದಳು. ಅಂದಿನ ಭಾಗ, ಮೈಮೇಲೆ ಹುತ್ತ ಬೆಳೆದರೂ ಏಳದ ಋಷಿಯದು. ಕೇಳುಗರು ಋಷಿಯನ್ನು ಕೇಳುತ್ತ ಗುಂಡಪ್ಪನನ್ನು ನೋಡಿದರು. ಕಾಲು ಜೋಮು ಹಿಡಿದು ಅವನ ಕಣ್ಣಲ್ಲಿ ನೀರು. ಅದೂ ಸರಿಯಾಗಿ ಭಕ್ತಿಯ ಪದ್ಯಕ್ಕೇ ಬಂತು. ಮೂಲೆಯಲ್ಲಿ ಮಂಥನ್ ಮಾತ್ರ ಕರ್ಚೀಫು ಕಚ್ಚಿಕೊಂಡಿದ್ದ.

ಮಂಗಳ ಹಾಡಿದ ಮೇಲೆ ಸಂಘದ ಅಧ್ಯಕ್ಷ, ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಸದಾಶಿವ ರಾಯರು ಎದ್ದರು. "ಎಂಥ ಭಕ್ತಿ ಮಾರಾಯ್ರೇ! ನಾವೆಲ್ಲ ಫೋನು ಬಂತು ಅಂತ ಹೊರಗೆ ಓಡಿದ್ದೇ ಓಡಿದ್ದು. ಇವರು ಒಮ್ಮೆ ಅಲುಗಾಡಿದ್ದು ಉಂಟಾ?"

"ನನಗೆ ತಂದ ಶಾಲು ಇವರಿಗೇ ಹೊದಿಸಿ," ಎಂದಳು ಇಂದುಮತಿ, ಕಣ್ಣೊರೆಸಿಕೊಳ್ಳುತ್ತ. "ಪೀಠ ಆಗದಿದ್ರೂ ಪರವಾಗಿಲ್ಲ. ಇವತ್ತು ನನ್ನ ಓದು ಕೇಳಿದ್ರಲ್ಲ!"

"ಏಳಿ ಗುಂಡಪ್ಪನವರೇ."

"ಕೂತೇ ಹೊದಿಸಿಕೊಳ್ತೀನಿ..."

"ಅದು ಹೇಗಾಗ್ತದೆ!" ರಾಯರು ಒಂದು ರಟ್ಟೆ ಹಿಡಿದರು, ಮತ್ತೊಬ್ಬರು ಇನ್ನೊಂದು. ಎತ್ತಿದರು.

ಪರ್ರ್!

ಪಂಚೆ ಹರಿಯಿತು. ಅದಕ್ಕಂಟಿದ ಪ್ಲಾಸ್ಟಿಕ್ ಹಾಳೆಗಳು ಗುಂಡಪ್ಪನ ಹಿಂದೆ ನವಿಲಿನ ಗರಿಯಂತೆ ಜೋತುಬಿದ್ದವು. ಹಲಗೆಗಳು ಬೇರೆಬೇರೆಯಾಗಿ ನೆಲದ ಮೇಲೆ ಜಾರಿದವು. ಒಂದೊಂದೂ ಫಳಫಳ, ಒಂದು ಹನಿ ಅಂಟು ತಾಕಿರಲಿಲ್ಲ.

ಮಂಥನ್ ಒಂದನ್ನೆತ್ತಿ ನೋಡಿದ. "ಕಾಕಾ! ಅಂಗಡಿಯ ಪ್ಲಾಸ್ಟಿಕ್ ತೆಗೀದೇ ಅಂಟು ಹಾಕಿದ್ರಾ?"

"ಹೊಸ ಹಲಗೆ... ಗೀರು ಬೀಳತ್ತೆ ಅಂತ..."

ಇಂದುಮತಿಯ ಕಣ್ಣೀರು ಅಲ್ಲೇ ಒಣಗಿತು. "ಅಂದ್ರೆ ನೀವು ಕೇಳ್ತಾ ಕೂತಿದ್ದಲ್ಲ, ಅಂಟಿಕೊಂಡು ಕೂತಿದ್ದು! ಮಂಥನ್, ಗುಜರಿಯವನ ನಂಬರ್ ಕೊಡಪ್ಪ."

ಬೆನ್ನ ಹಿಂದೆ ಗಾಳಿಯಾಡುತ್ತಿತ್ತು. ಗುಂಡಪ್ಪ ರಾಯರ ಕೈಯಿಂದ ಶಾಲಿನ ಪೊಟ್ಟಣ ಕಿತ್ತುಕೊಂಡು ಹಿಂದಕ್ಕೆ ಹಿಡಿದ. ಅದು ಮುಚ್ಚಿದ್ದು ಗೇಣಗಲ ಮಾತ್ರ.

"ಅಯ್ಯೋ, ಅದರ ಕವರಾದ್ರೂ ಬಿಚ್ಚಿ ಸುತ್ತಿಕೊಳ್ರೀ!" ಇಂದುಮತಿ ಮುಖ ಮುಚ್ಚಿಕೊಂಡಳು.

ಗುಂಡಪ್ಪ ಕವರು ಬಿಚ್ಚಹೋಗಿ ಒಂದು ಗಳಿಗೆ ತಡೆದ.

"ಹೊಸ ಶಾಲು ಕಣೇ. ಕೊಳೆಯಾಗತ್ತೆ."